ಪಾದಕ್ಕೆ ಪೆಟ್ಟಾದರೆ ಕೈಗೇನು ಧಾಡಿ?

ಕೇಳುಗರಿಗೆ ನಮಸ್ಕಾರ.

ಮೆಟ್ಟಿಲು ಮುಗಿಯಿತು ಅಂದುಕೊಂಡು ಕಾಲಿಟ್ಟೆ. ಇನ್ನೂ ಒಂದಿತ್ತು. ಬಲಪಾದ ಹೊರಮಗ್ಗುಲಿಗೆ ಹೊರಳಿತು. ಮೂಳೆಗೇನೂ ಆಗಿರಲಿಲ್ಲ, ಬರೀ ಉಳುಕು. ಆದರೂ ವಾರಕ್ಕೆ ಮೂರು ದಿನ ಮಾಡುತ್ತಿದ್ದ ತೂಕದ ಕಸರತ್ತನ್ನು ಅವತ್ತೇ ಕೈಬಿಟ್ಟೆ. ವಿಶ್ರಾಂತಿ ಅಂದರೆ ಮೈಯೆಲ್ಲ ಮಲಗಿಸುವುದು ಅನ್ನುವ ಲೆಕ್ಕ ನನ್ನದು. ಹತ್ತು ದಿನ ಕಳೆದ ಮೇಲೆ ಹೊಳೆಯಿತು: ಪೆಟ್ಟು ಬಿದ್ದದ್ದು ಪಾದಕ್ಕೆ. ಕೈಗೆ, ಬೆನ್ನಿಗೆ, ಹೊಟ್ಟೆಗೆ ಏನು ಧಾಡಿ?

ಆದರೆ ಪೆಟ್ಟು ಸಣ್ಣದೇ ಅನ್ನುವುದು ಮೊದಲು ಖಾತ್ರಿಯಾಗಬೇಕು. ಪಾದದಲ್ಲಿ 26 ಮೂಳೆಗಳಿವೆ. ಎಕ್ಸ್‌ರೇ ಯಾರಿಗೆ ಬೇಕು ಎಂದು ನಿರ್ಧರಿಸಲು ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಕೆಲವು ನಿಯಮ ಕೊಟ್ಟರು. ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ, ಕಣಕಾಲಿನ ಎರಡೂ ಬದಿಯ ಗಂಟುಗಳನ್ನೋ ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಮೂಳೆಯನ್ನೋ ಒತ್ತಿದಾಗ ನೋವಾದರೆ, ವೈದ್ಯರ ಬಳಿ ಹೋಗಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ನೋವಿಲ್ಲವೆಂದು ಸುಮ್ಮನಿರಲೇಬಾರದು. ಅವರ ಪಾದ ಸುಳ್ಳು ಹೇಳುತ್ತದೆ.

ಸುಮ್ಮನೆ ಕೂತರೆ ಏನು ನಷ್ಟ? ಆರೋಗ್ಯವಂತ ಯುವಕರ ಒಂದು ಕಾಲಿಗೆ ಬರೀ ಐದು ದಿನ ಪ್ಲಾಸ್ಟರ್ ಹಾಕಿ ಅಳೆದಾಗ ತೊಡೆಯ ಸ್ನಾಯು ಶೇಕಡಾ 3.5ರಷ್ಟು ಕರಗಿತ್ತು. ಇದಕ್ಕೆ ಇನ್ನೊಂದು ಮುಖವೂ ಇದೆ, ನನಗೆ ಬಹಳ ಇಷ್ಟವಾದದ್ದು. 1894ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ ಮತ್ತು ಸಂಗಡಿಗರು ಒಂದು ಕೈಗೆ ಮಾತ್ರ ಅಭ್ಯಾಸ ಕೊಟ್ಟರು. ಸುಮ್ಮನಿದ್ದ ಇನ್ನೊಂದು ಕೈಗೂ ಬಲ ಬಂದಿತ್ತು! ಸ್ನಾಯು ಬೆಳೆದದ್ದಲ್ಲ, ಮಿದುಳು ಮತ್ತು ನರಗಳು ಕಲಿತ ಪಾಠ ಆಚೆ ಬದಿಗೂ ದಾಟಿತ್ತು. ಹಾಗಾಗಿ ನೆಟ್ಟಗಿರುವ ಕಾಲಿಗೆ ಕೆಲಸ ಕೊಟ್ಟರೆ ನೊಂದ ಕಾಲಿಗೂ ಒಂದು ಪಾಲು ಸೇರುತ್ತದೆ. ಎರಡೂ ಕಾಲು ಒಂದೇ ಸಮ ಇರಲಿ ಎಂದು ಒಳ್ಳೆಯ ಕಾಲನ್ನೂ ಸೊರಗಿಸುವವರಿದ್ದಾರೆ. ಅದು ನ್ಯಾಯವಲ್ಲ, ನಷ್ಟ.

ಸರಿ, ಏನು ಮಾಡಬಹುದು? ಕೂತು ಡಂಬಲ್ ಎತ್ತುವುದು, ಕೂತು ತೂಕವನ್ನು ಎದೆಯತ್ತ ಎಳೆಯುವುದು, ಮಲಗಿ ಕಾಲೆತ್ತುವುದು, ಕುರ್ಚಿಯಲ್ಲಿ ಕೂತು ಮೊಣಕಾಲು ನೀಡುವುದು. ಮುಂಗೈಯೂರಿ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್ ಮಾಡುವಾಗ ಕಾಲ್ಬೆರಳ ಬದಲು ಮೊಣಕಾಲೂರಿ. ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್ ಯಂತ್ರದಲ್ಲಿ ಕೂತೇ ಮಾಡುವುದಾದರೂ ಭಾರವೆಲ್ಲ ಪಾದದ ಮೇಲೇ, ಅದು ಸದ್ಯಕ್ಕೆ ಬೇಡ.

ಇಷ್ಟು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಮಾತೊಂದಿದೆ. ಪಾದ ಮತ್ತೆ ಹೊರಳುವುದು ಕಸರತ್ತಿನ ನಡುವೆ ಅಲ್ಲ, ಅದರ ಆಚೀಚೆ. ತೂಕವನ್ನು ನೆಲದಿಂದ ಎತ್ತಿ ಬೆಂಚಿನವರೆಗೆ ಹೊತ್ತುಕೊಂಡು ಹೋಗುವ ಆ ಐದು ಹೆಜ್ಜೆಯಲ್ಲಿ. ಕಂಬಿಗೆ ಜೋತು ಮೈಯನ್ನು ಮೇಲೆಳೆಯುವ ಪುಲ್‌ಅಪ್ ಮುಗಿಸಿ ಅಲ್ಲಿಂದ ಧೊಪ್ಪೆಂದು ಇಳಿಯುವಾಗ. ಎರಡೂ ಕೈಯಲ್ಲಿ ಡಂಬಲ್ ಹಿಡಿದು ಕುಂಟುವವನಿಗೆ ಮುಗ್ಗರಿಸಿದರೆ ಹಿಡಿದುಕೊಳ್ಳಲು ಕೈಯೇ ಖಾಲಿಯಿರುವುದಿಲ್ಲ. ನಾನು ಎರಡನೇ ಸಲ ನೋವು ಮಾಡಿಕೊಂಡದ್ದು ಹೀಗೇ. ಆಮೇಲೆ ತೂಕಗಳನ್ನೆಲ್ಲ ಸೊಂಟದೆತ್ತರದ ಮೇಜಿನ ಮೇಲಿಟ್ಟು, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡೆ. ಸೋಮಾರಿಯಂತೆ ಕಂಡರೆ ಕಾಣಲಿ. ಮಲಗಿ ಬಾರ್ ಎತ್ತುವಾಗಲೂ ನಮಗೆ ಗೊತ್ತಿಲ್ಲದೆ ಪಾದ ನೆಲವನ್ನು ಒತ್ತುತ್ತದೆ. ಅಲ್ಲಿ ತೂಕ ಇಳಿಸಿ, ಎಣಿಕೆ ಹೆಚ್ಚಿಸಿ.

ನೋವಿನ ಗುಳಿಗೆ ನುಂಗಿ ಕಸರತ್ತಿಗೆ ಇಳಿಯಬೇಡಿ. ನಿಲ್ಲು ಎಂದು ಕೂಗುವವನ ಬಾಯಿ ಕಟ್ಟಿದ ಹಾಗೆ ಅದು. ಮಾಡುವಾಗ ಸ್ವಲ್ಪ ನೋವು ಕಂಡು, ಮರುದಿನ ಬೆಳಗಿನ ಮೊದಲ ಹೆಜ್ಜೆ ಎಂದಿನಂತಿದ್ದರೆ ಅಡ್ಡಿಯಿಲ್ಲ. ಬೆಳಗ್ಗೆ ಊತ ಹೆಚ್ಚಿದ್ದರೆ, ಕುಂಟು ಜಾಸ್ತಿಯಾಗಿದ್ದರೆ, ನಿನ್ನೆ ಮಾಡಿದ್ದು ಅತಿಯಾಯಿತು ಎಂದೇ ಅರ್ಥ.

ಪಾದಕ್ಕೆ ಭಾರ ಹಿಂತಿರುಗಿಸುವುದು ಮೆಲ್ಲಗೆ. ಮೊದಲು ಎರಡು ಕಾಲೂರಿ ನಿಲ್ಲುವುದು, ಬಳಿಕ ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತುವುದು, ಆಮೇಲೆ ಒಂದೇ ಕಾಲಲ್ಲಿ. ತೂಕ ಹೊತ್ತು ಸ್ಕ್ವಾಟ್, ಅಂದರೆ ಬಸ್ಕಿ, ಮಾಡುವುದು ಅದರ ನಂತರದ ಮಾತು.

ನನ್ನ ಎಡಗಾಲು ಗೋಡೆ ಹಿಡಿದು ಇಪ್ಪತ್ತು ಸಲ ಏಳುತ್ತದೆ. ಬಲಗಾಲು ಕಳೆದ ವಾರ ಆರಕ್ಕೆ ನಡುಗುತ್ತಿತ್ತು. ಇವತ್ತು ಇಲ್ಲಿಗೆ ಹೊರಡುವ ಮೊದಲು ಎಣಿಸಿದೆ, ಒಂಬತ್ತು.

ನಮಸ್ಕಾರ.