ಸೂರ್ಯಕಾಂತಿಯನ್ನು ಮತ್ತೆ ಬಿಡಿಸಿದವರು: ಮೀಡಿಯಾವಿಕಿ ಲೋಗೋ ಬದಲಾದ ಕಥೆ

(ಪರದೆ: ಕನ್ನಡ ವಿಕಿಪೀಡಿಯದ ಒಂದು ಲೇಖನ. ಪುಟ ನಿಧಾನವಾಗಿ ಕೆಳಕ್ಕೆ ಸರಿಯುತ್ತದೆ.)

ನಮಸ್ಕಾರ. ಕನ್ನಡ ವಿಕಿಪೀಡಿಯದ ಯಾವುದಾದರೂ ಲೇಖನ ತೆರೆಯಿರಿ. ಸದ್ಯಕ್ಕೆ ಓದುವುದು ಬೇಡ, ನೇರವಾಗಿ ಪುಟದ ತಳಕ್ಕೆ ಬನ್ನಿ. ಅಲ್ಲಿ ಒಂದು ಪುಟ್ಟ ಹೂವು ಕಾಣುತ್ತದೆ. ಅದು ಮೀಡಿಯಾವಿಕಿಯ ಗುರುತು. ನಾವು ಓದುವ ಲೇಖನ, ತಿದ್ದುವ ಪೆಟ್ಟಿಗೆ, ಯಾರು ಯಾವಾಗ ಏನು ಬದಲಿಸಿದರು ಎನ್ನುವ ಇತಿಹಾಸ, ಎಲ್ಲವೂ ನಡೆಯುವುದು ಈ ತಂತ್ರಾಂಶದ ಮೇಲೆ.

ಇದರ ಬೇರು 2002ರಲ್ಲಿದೆ. ಜರ್ಮನಿಯ ಮ್ಯಾಗ್ನಸ್ ಮಾನ್ಸ್ಕೆ ವಿಕಿಪೀಡಿಯಕ್ಕಾಗಿಯೇ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ತಂತ್ರಾಂಶ ಆಗ ಬಳಕೆಗೆ ಬಂತು. ಅದೇ ವರ್ಷ ಲೀ ಡೇನಿಯಲ್ ಕ್ರಾಕರ್ ಅದನ್ನು ಹೊಸದಾಗಿ ಬರೆದರು. ಮೀಡಿಯಾವಿಕಿ ಎಂಬ ಹೆಸರು ಬಂದದ್ದು 2003ರಲ್ಲಿ. ಅಂದಿನಿಂದ ಜಗತ್ತಿನ ಎಷ್ಟೋ ಸ್ವಯಂಸೇವಕರು ಇದಕ್ಕೆ ಕೈ ಹಚ್ಚಿದ್ದಾರೆ. ಇದರ ಆಕರ ಸಂಕೇತ, ಅಂದರೆ ತಂತ್ರಾಂಶದ ಮೂಲ ಬರಹ, ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ತೆರೆದಿದೆ.

(ಪರದೆ: 2003 ಎಂಬ ಅಂಕಿ. ಅದರಿಂದ ಮೂರು ಗೆರೆಗಳು ಕವಲೊಡೆಯುತ್ತವೆ.)

ಹೂವು ಎಲ್ಲಿಂದ ಬಂತು? 2003ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ವಿಕಿಪೀಡಿಯಕ್ಕೆ ಲೋಗೋ ಆರಿಸಲು ಒಂದು ಸ್ಪರ್ಧೆ ನಡೆಯಿತು. ಕನ್ನಡ ವಿಕಿಪೀಡಿಯ ಆಗ ಎಳೆಗೂಸು, ಹುಟ್ಟಿದ್ದು ಅದೇ ವರ್ಷದ ಜೂನ್‌ನಲ್ಲಿ. ಮೊದಲ ಸ್ಥಾನ ಪಾಲ್ ಸ್ಟಾನ್ಸಿಫರ್ ಎಂಬ ಹದಿಹರೆಯದ ಹುಡುಗನ ಕಲ್ಪನೆಗೆ ಸಿಕ್ಕಿತು. ಚೂರುಗಳನ್ನು ಜೋಡಿಸಿ ಕಟ್ಟಿದ, ಇನ್ನೂ ಪೂರ್ತಿಯಾಗದ ಒಂದು ಗೋಳ ಅದು. ಡೇವಿಡ್ ಫ್ರೀಡ್‌ಲ್ಯಾಂಡ್ ಅದನ್ನು ತಿದ್ದಿ, ಒಂದೊಂದು ಚೂರಿನ ಮೇಲೆ ಒಂದೊಂದು ಲಿಪಿಯ ಅಕ್ಷರ ಕೂರಿಸಿದರು. ಎರಡನೇ ಸ್ಥಾನ ಪಡೆದ ವಿನ್ಯಾಸ ವಿಕಿಪೀಡಿಯವನ್ನು ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಶನ್ನಿನ ಗುರುತಾಯಿತು. ಮೂರನೆಯದೇ ನಮ್ಮ ಸೂರ್ಯಕಾಂತಿ. ಫ್ಲಾರೆನ್ಸ್ ದೆವುವಾರ್ ತೆಗೆದ ಹೂವಿನ ಫೋಟೋ, ಅದರ ಎರಡೂ ಬದಿಗೆ ಜೋಡಿ ಚೌಕ ಆವರಣ. ವಿನ್ಯಾಸ ಎರಿಕ್ ಮೊಲ್ಲರ್ ಅವರದು. ಅದು ಮೀಡಿಯಾವಿಕಿಯ ಪಾಲಿಗೆ ಬಂತು. ಒಂದೇ ಸ್ಪರ್ಧೆಯಲ್ಲಿ ಮೂರು ಲೋಗೋಗಳು! ಗೆಲ್ಲದೆ ಹೋದ ಚಿತ್ರಕ್ಕೂ ಮನೆಯೊಳಗೇ ಒಂದು ಜಾಗ ಮಾಡಿಕೊಟ್ಟ ಈ ರೀತಿ ನನಗೆ ಬಹಳ ಇಷ್ಟ.

ಆ ಆವರಣಗಳ ಅರ್ಥವನ್ನು ವಿಕಿಯಲ್ಲಿ ಒಮ್ಮೆಯಾದರೂ ಬರೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಪದದ ಎರಡೂ ಕಡೆ ಜೋಡಿ ಚೌಕ ಆವರಣ ಹಾಕಿದರೆ ಆ ಪದ ಮತ್ತೊಂದು ಲೇಖನಕ್ಕೆ ಕೊಂಡಿಯಾಗುತ್ತದೆ.

(ಪರದೆ: ಹಳೆಯ ಲೋಗೋ. ಹಂತ ಹಂತವಾಗಿ ಕುಗ್ಗಿ 16 ಪಿಕ್ಸೆಲ್ ಅಗಲಕ್ಕೆ ಬಂದು ನಿಲ್ಲುತ್ತದೆ.)

ಇಷ್ಟು ಚೆಂದದ ಲೋಗೋವನ್ನು ಬದಲಿಸಿದ್ದೇಕೆ? ಪರದೆ ನೋಡಿ. ಬ್ರೌಸರ್‌ನ ಟ್ಯಾಬ್‌ನಲ್ಲಿ ಕೂರುವ ಚಿತ್ರದ ಅಳತೆ ಇದು. ದಳವಿಲ್ಲ, ಬೀಜವಿಲ್ಲ, ಆವರಣವಂತೂ ಇಲ್ಲವೇ ಇಲ್ಲ. ಉಳಿದದ್ದು ಅರಿಸಿನ ಮತ್ತು ಕಾಫಿಪುಡಿ ಕಲೆಸಿಟ್ಟಂಥ ಒಂದು ಮಚ್ಚೆ. ಪುಟದ ತಳದ ಬಿಲ್ಲೆಯ ಅಳತೆ 88ಕ್ಕೆ 31 ಪಿಕ್ಸೆಲ್. ಮೀಡಿಯಾವಿಕಿ ಬಳಸುವ ತಾಣಗಳಲ್ಲಿ ಓದುಗರ ಕಣ್ಣಿಗೆ ಬೀಳುತ್ತಿದ್ದದ್ದು ಈ ಬಿಲ್ಲೆಯೇ. ಅಷ್ಟು ಕಿರಿದಾದ ಜಾಗದಲ್ಲಿ ಹೂವೂ ಇರಬೇಕು, ಹೆಸರೂ ಇರಬೇಕು.

ದೊಡ್ಡದು ಮಾಡಿದರೆ ಇನ್ನೊಂದು ಪಾಡು. ಒಮ್ಮೆ ವಿಕಿ ಕಾರ್ಯಾಗಾರಕ್ಕೆ ಬ್ಯಾನರ್ ಮಾಡಿಸಲು ಈ ಹೂವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಫ್ಲೆಕ್ಸ್ ಅಂಗಡಿಗೆ ಹೋಗಿದ್ದೆ. ಕಂಪ್ಯೂಟರ್ ಮುಂದೆ ಕುಳಿತಿದ್ದ ಹುಡುಗ ಚಿತ್ರವನ್ನು ಹಿಗ್ಗಿಸಿ ನೋಡಿ, "ಕೋರಲ್ ಫೈಲ್ ಇಲ್ಲವೇ ಸಾರ್?" ಎಂದು ಕೇಳಿದ. ಕೋರಲ್ ಎಂದರೆ ಗೆರೆಗಳಲ್ಲಿ ಚಿತ್ರ ಬಿಡಿಸುವ ತಂತ್ರಾಂಶ, ಅದರ ಫೈಲ್ ನನ್ನ ಬಳಿ ಇರಲಿಲ್ಲ. ನಾಲ್ಕು ಅಡಿ ಅಗಲಕ್ಕೆ ಹಿಗ್ಗಿದ ಹೂವಿನ ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಒಡೆದಿದ್ದವು. ಕಪ್ಪು ಬಿಳುಪಿನ ಕರಪತ್ರದಲ್ಲಿ ಅದು ಬರೀ ಬೂದು ಬಣ್ಣದ ಚಕ್ಕೆಯಾಗಿತ್ತು.

ಆ ಹುಡುಗ ಕೇಳಿದ್ದರ ತಿರುಳನ್ನು ನಮ್ಮ ಅಂಗಳದಲ್ಲೇ ನೋಡಬಹುದು. ಬೇರೆಯವರ ಮನೆಯ ಮುಂದಿನ ರಂಗೋಲಿಯನ್ನು ಫೋಟೋ ತೆಗೆದುಕೊಂಡರೆ ನಿಮ್ಮಲ್ಲಿರುವುದು ಆ ಅಳತೆಯ ಚಿತ್ರ ಮಾತ್ರ. ಹಿಗ್ಗಿಸಿದಷ್ಟೂ ಮಸುಕಾಗುತ್ತದೆ. ಅದೇ ಆ ಮನೆಯವರು "15 ಚುಕ್ಕಿ, 8ರವರೆಗೆ, ಸಂದು ಚುಕ್ಕಿ" ಎಂದು ಹೇಳಿ ಗೆರೆ ಎಳೆಯುವ ಕ್ರಮ ತೋರಿಸಿಕೊಟ್ಟರೆ? ಅಂಗೈಯಗಲದ ಕಾಗದದ ಮೇಲೂ ಬಿಡಿಸಬಹುದು, ರಥಬೀದಿಯ ಉದ್ದಕ್ಕೂ ಬಿಡಿಸಬಹುದು. ಫೋಟೋ ಎಂದರೆ ಬಣ್ಣದ ಕಣಗಳ ಗುಂಪು. ವೆಕ್ಟರ್ ಚಿತ್ರ ಎಂದರೆ ಬಿಡಿಸುವ ಕ್ರಮ. ಮೀಡಿಯಾವಿಕಿಗೆ ಬೇಕಾಗಿದ್ದದ್ದು ಈ ಎರಡನೆಯದು.

(ಪರದೆ: ವಿಕಿಪೀಡಿಯ ಗೋಳ, ಹಳೆಯದು ಮತ್ತು ಹೊಸದು ಅಕ್ಕಪಕ್ಕ.)

ಹೂವು ಬದಲಾದ 2021ಕ್ಕಿಂತ ಹನ್ನೊಂದು ವರ್ಷ ಮೊದಲೇ, 2010ರಲ್ಲಿ, ಗೋಳಕ್ಕೂ ದುರಸ್ತಿಯಾಗಿತ್ತು. ಅಲ್ಲಿನ ತೊಂದರೆ ಅಳತೆಯದ್ದಷ್ಟೇ ಆಗಿರಲಿಲ್ಲ, ಅಕ್ಷರಗಳೇ ತಪ್ಪಾಗಿದ್ದವು. ದೇವನಾಗರಿಯ 'ವಿ'ಯಲ್ಲಿ ವ್ಯಂಜನಕ್ಕೂ ಸ್ವರಚಿಹ್ನೆಗೂ ಜೋಡಣೆ ತಪ್ಪಿತ್ತು. ಜಪಾನಿ ಅಕ್ಷರವೂ ಸರಿಯಿರಲಿಲ್ಲ. ಗುಣಿತಾಕ್ಷರ ಒಡೆದು ಬೇರೆ ಬೇರೆಯಾಗಿ ನಿಂತ ಪರದೆಗಳನ್ನು ವರ್ಷಗಟ್ಟಲೆ ನೋಡಿದ ಕನ್ನಡಿಗರಿಗೆ ಈ ನೋವು ಹೊಸದಲ್ಲ. ಲಿಪಿ ಬಲ್ಲವರಿಗೆ ತಪ್ಪು ಕಂಡಿತು, ಅವರು ಹೇಳಿದರು, ಕೊನೆಗೆ ತಿದ್ದಲಾಯಿತು. ಫಿಲಿಪ್ ಮೆಟ್‌ಶನ್ ಗೋಳವನ್ನು ಮೂರು ಆಯಾಮದಲ್ಲಿ ಹೊಸದಾಗಿ ಕಟ್ಟಿದರು. ವಿಜ್ಞಾನ ಕಥೆಗಾಗಿ ಸೃಷ್ಟಿಸಿದ ಕ್ಲಿಂಗಾನ್ ಭಾಷೆಯ ಅಕ್ಷರ ಹೋಗಿ ಇಥಿಯೋಪಿಯದ ಗೀಜ್ ಲಿಪಿಯ ಅಕ್ಷರ ಬಂತು. ಇಂದಿನ ಗೋಳವನ್ನು ದಿಟ್ಟಿಸಿ ನೋಡಿ, ನಮಗೆ ಎದುರಾಗಿರುವ ಬದಿಯಲ್ಲೇ ಕನ್ನಡದ 'ವಿ' ಇದೆ.

ಹೆಸರು ಬರೆಯುವ ಫಾಂಟ್ ಕೂಡ ಆಗಲೇ ಬದಲಾಯಿತು. ಮಾಲೀಕತ್ವವಿದ್ದ ಹೋಫ್ಲರ್ ಟೆಕ್ಸ್ಟ್ ಬದಲು ಮುಕ್ತ ಪರವಾನಗಿಯ ಲಿನಕ್ಸ್ ಲಿಬರ್ಟೈನ್ ಬಂತು. ಅದರಲ್ಲಿ ಕನ್ನಡ ಅಕ್ಷರಗಳಿಲ್ಲ, ಹಾಗಾಗಿ ನಮ್ಮ 'ವಿಕಿಪೀಡಿಯ'ಕ್ಕೆ ಬೇರೆಯದೇ ಫಾಂಟ್ ಬೇಕು. ಲೋಗೋ ಬದಲಾಯಿತು ಎಂದು ಒಂದು ಸಾಲಿನಲ್ಲಿ ಹೇಳಿಬಿಡುತ್ತೇವೆ. ಆದರೆ ಆ ಕೆಲಸ ಒಂದೊಂದು ಭಾಷೆಯಲ್ಲೂ ಮತ್ತೆ ಮೊದಲಿನಿಂದ ಆಗಬೇಕಾಗುತ್ತದೆ.

(ಪರದೆ: ಹೊಸ ಮೀಡಿಯಾವಿಕಿ ಹೂವು. ದಳಗಳು ಒಂದೊಂದಾಗಿ ಮೂಡುತ್ತವೆ.)

ಸೂರ್ಯಕಾಂತಿಯ ಸರದಿ ಬಂದದ್ದು 2020ರಲ್ಲಿ. ಸಮುದಾಯದವರೇ ವಿನ್ಯಾಸಗಳನ್ನು ಮುಂದಿಟ್ಟರು, ಚರ್ಚಿಸಿದರು, ಎರಡು ಸುತ್ತು ಮತ ಹಾಕಿದರು. ಮೊದಲು ಕಲ್ಪನೆಯ ಆಯ್ಕೆ, ಆಮೇಲೆ ಅದರ ರೂಪದ ಆಯ್ಕೆ. ಹೀಗೆ ಎರಡಾಗಿ ಬಿಡಿಸಿದ್ದು ಜಾಣತನ. ಹೂವು ಬೇಕೇ ಬೇಡವೇ ಎಂಬ ಪ್ರಶ್ನೆಯನ್ನೂ ಹಳದಿ ಎಷ್ಟು ಗಾಢವಿರಬೇಕು ಎಂಬ ಪ್ರಶ್ನೆಯನ್ನೂ ಒಟ್ಟಿಗೆ ಎತ್ತಿದರೆ ಯಾವ ಸಭೆಯೂ ಮುಗಿಯುವುದಿಲ್ಲ. ಮತ ಬಿದ್ದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಆಕರ ಸಂಕೇತವನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ಆದರೆ ಗುರುತು ಹಾಗಲ್ಲ. ಅದು ಇನ್ನೊಬ್ಬರ ಟ್ರೇಡ್‌ಮಾರ್ಕ್ ಅನ್ನು ಹೋಲುವಂತಿಲ್ಲ.

2021ರಲ್ಲಿ ಹೊಸ ಹೂವು ಬಂತು. ಹಳದಿಯಿಂದ ಕೆಂಪಿನತ್ತ ಸಾಗುವ ಸರಳ ದಳಗಳು, ಬಿಡಿಸುವ ಕ್ರಮ ಗೊತ್ತಿರುವ ಹೂವು. ಟ್ಯಾಬ್‌ನಲ್ಲೂ ಹೂವಾಗಿಯೇ ಕಾಣುತ್ತದೆ, ಗೋಡೆಯ ಮೇಲೂ ಹೂವಾಗಿಯೇ ಕಾಣುತ್ತದೆ. ಬದಲಾವಣೆ ಬೇಕೆಂದವರು ಸೂರ್ಯಕಾಂತಿಯನ್ನು ಕಿತ್ತೆಸೆಯಲಿಲ್ಲ, ಮತ್ತೆ ಬಿಡಿಸಿದರು. ಹಾಗಾಗಿಯೇ 18 ವರ್ಷ ಹಳೆಯ ಹೂವನ್ನು ನೋಡಿ ರೂಢಿಯಾದವರಿಗೂ ಇದು ಪರಕೀಯವೆನಿಸಲಿಲ್ಲ ಎಂದು ನಾನು ನಂಬಿದ್ದೇನೆ.

ಆದರೆ ಆವರಣಗಳು ಹೋದವು. 16 ಪಿಕ್ಸೆಲ್‌ನಲ್ಲಿ ಅವುಗಳಿಗೆ ಜಾಗವಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ನನಗೆ ಅವು ಬೇಕಾಗಿದ್ದವು. ಕನ್ನಡದಲ್ಲಿ ಬರೆಯುವವರಿಗೆ ಅವು ಕಷ್ಟಪಟ್ಟು ಒಲಿದ ಚಿಹ್ನೆಗಳು. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಎಡ ಆವರಣದ ಕೀಲಿ ಒತ್ತಿದರೆ ಮೂಡುವುದು 'ಡ'. ಎರಡು ಬಾರಿ ಒತ್ತಿದರೆ 'ಡಡ'. ಕೊಂಡಿ ಹಾಕಲು ಇಂಗ್ಲಿಷ್‌ಗೆ ಹೋಗಬೇಕು, ಆವರಣ ತೆರೆಯಬೇಕು, ಕನ್ನಡಕ್ಕೆ ಮರಳಿ ಪದ ಬರೆಯಬೇಕು, ಮತ್ತೆ ಇಂಗ್ಲಿಷ್‌ಗೆ ಹೋಗಿ ಆವರಣ ಮುಚ್ಚಬೇಕು. ಕಾರ್ಯಾಗಾರಗಳಲ್ಲಿ ಹೊಸಬರ ಪಕ್ಕದಲ್ಲಿ ಕುಳಿತು ನಾನು ಮೊದಲು ಹೇಳಿಕೊಡುವುದು ಇದನ್ನೇ.

(ಪರದೆ: ತಿದ್ದುವ ಪೆಟ್ಟಿಗೆ. 'ಡಡ' ಎಂದು ಮೂಡುತ್ತದೆ, ಅಳಿಸಲಾಗುತ್ತದೆ. ಆವರಣ ತೆರೆಯುತ್ತದೆ, 'ಸೂರ್ಯಕಾಂತಿ' ಎಂಬ ಪದ, ಆವರಣ ಮುಚ್ಚುತ್ತದೆ. ಪುಟವನ್ನು ಉಳಿಸಲಾಗುತ್ತದೆ, ಪದ ನೀಲಿಯಾಗುತ್ತದೆ.)