ಮೊಸರು ಹೆಪ್ಪಾಗದ ದಿನ

ಕೇಳುಗರಿಗೆ ನಮಸ್ಕಾರ.

ನಮ್ಮದು ಕೋಲಾರದ ಕಡೆಯ ಒಂದು ಹಳ್ಳಿ. ಮನೆಯಲ್ಲಿ ನಾಲ್ಕು ಸೀಮೆಹಸು ಇವೆ. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕಿ ಸಂಸಾರ ನಡೆಸುತ್ತೇವೆ. ಕೆಲವು ವರ್ಷಗಳ ಹಿಂದಿನ ಮಾತು. ಅಮ್ಮ ರಾತ್ರಿ ಹೆಪ್ಪು ಹಾಕಿದ್ದ ಹಾಲು ಬೆಳಿಗ್ಗೆ ನೋಡಿದರೆ ಹಾಲಾಗಿಯೇ ಇತ್ತು. ಹೆಪ್ಪು ಕೆಟ್ಟಿತೇನೋ ಅಂತ ಪಕ್ಕದ ಮನೆಯಿಂದ ತಂದು ಹಾಕಿದರು. ಮಾರನೆಯ ದಿನವೂ ಮೊಸರಾಗಲಿಲ್ಲ.

ಆಗ ನನಗೆ ಹೊಳೆಯಿತು. ನಾಲ್ಕು ದಿನದ ಹಿಂದೆ ನಮ್ಮ ಗೌರಿಗೆ ಕೆಚ್ಚಲು ಬಾವು ಬಂದಿತ್ತು. ಡಾಕ್ಟರು ಮೊಲೆಯೊಳಗೆ ಔಷಧಿ ಏರಿಸಿದ್ದರು. ಇಷ್ಟು ದಿನ ಇವಳ ಹಾಲನ್ನು ಮನೆಗೂ ಬಳಸಬೇಡಿ, ಡೇರಿಗೂ ಹಾಕಬೇಡಿ ಎಂದು ಹೇಳಿ ಹೋಗಿದ್ದರು. ಹಾಲಿನಲ್ಲಿ ಗಡ್ಡೆ ಬರುವುದು ನಿಂತಿತಲ್ಲ, ಇನ್ನೇನು ವಾಸಿಯಾಯಿತು ಅಂದುಕೊಂಡು, ಆ ದಿನಗಳು ಮುಗಿಯುವ ಮೊದಲೇ ನಾನು ಗೌರಿಯ ಹಾಲನ್ನು ಉಳಿದ ಹಾಲಿಗೆ ಸೇರಿಸಿಬಿಟ್ಟಿದ್ದೆ. ಬಾವಿನ ಕ್ರಿಮಿಯನ್ನು ಕೊಲ್ಲುವ ಆ್ಯಂಟಿಬಯೋಟಿಕ್ ಹಾಲನ್ನು ಮೊಸರಾಗಿಸುವ ಒಳ್ಳೆಯ ಕ್ರಿಮಿಗಳನ್ನೂ ಬಿಡುವುದಿಲ್ಲ. ಹಾಲು ಕಾಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ನಮ್ಮ ಪಾತ್ರೆಯದ್ದೇನೋ ನಮಗೆ ಗೊತ್ತಾಯಿತು. ಡೇರಿಗೆ ಹಾಕಿದ ಹಾಲು ಯಾವ ಮಗುವಿನ ಲೋಟಕ್ಕೆ ಹೋಯಿತೋ! ಆ ಸಂಕಟ ಇವತ್ತಿಗೂ ಇದೆ.

ಬಾವು ಬಂದದ್ದಾದರೂ ಯಾಕೆ? ಡಾಕ್ಟರು ಅವತ್ತು ಗೌರಿಯನ್ನು ಮುಟ್ಟುವ ಮೊದಲು ಕೊಟ್ಟಿಗೆಯ ನೆಲ ನೋಡಿದ್ದರು. ಕಲ್ಲುಚಪ್ಪಡಿ ಒಂದು ಕಡೆ ಕುಸಿದು ಹಿಂಗಾಲಿನ ಹತ್ತಿರ ಗಂಜಲ ನಿಲ್ಲುತ್ತಿತ್ತು. ಹಾಲು ಕರೆದ ಮೇಲೆ ಮೊಲೆಯ ತೂತು ಸರಿಯಾಗಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ನಾವು ಮೇವೆಲ್ಲ ಮೊದಲೇ ಹಾಕಿ ಮುಗಿಸಿರುತ್ತಿದ್ದೆವು. ಕರೆದು ಎದ್ದ ಕೂಡಲೇ ಗೌರಿ ಆ ಕೊಚ್ಚೆಯಲ್ಲೇ ಮಲಗುತ್ತಿದ್ದಳು. ಕ್ರಿಮಿಗೆ ಬಾಗಿಲು ತೆರೆದಿಟ್ಟ ಹಾಗೆ, ಅಲ್ವಾ? ಈಗ ಕರೆದ ಮೇಲೇ ಹಸಿಹುಲ್ಲು ಹಾಕುತ್ತೇವೆ. ತಿನ್ನುತ್ತಾ ನಿಂತಿರುತ್ತಾಳೆ. ನೆಲಕ್ಕೆ ಇಳಿಜಾರು ಮಾಡಿಸಿದೆವು, ರಬ್ಬರ್ ಮ್ಯಾಟ್ ಹಾಕಿದೆವು.

ಕೆಲವು ಸಲ ಬಾವು ಕಣ್ಣಿಗೆ ಕಾಣುವುದೇ ಇಲ್ಲ. ಕೆಚ್ಚಲು ಊದಿರುವುದಿಲ್ಲ, ಹಾಲೂ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಹಾಲು ದಿನೇ ದಿನೇ ಇಳಿಯುತ್ತದೆ, ಉಪ್ಪಿನಂಶ ಜಾಸ್ತಿಯಾಗುತ್ತದೆ, ಹಾಲಿನ ಕೇಸಿನ್ ಎಂಬ ಪ್ರೋಟೀನು ಕಡಿಮೆಯಾಗುತ್ತದೆ. ಅಂಥ ಹಾಲು ಒಡೆದರೆ ಪನೀರ್ ಕೂಡ ಕಡಿಮೆಯೇ. ಹಳ್ಳಿಯ ಡೇರಿಯ ಮೆಷಿನ್ನು ಫ್ಯಾಟ್ ನೋಡುತ್ತದೆ, ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಗಟ್ಟಿ ಅಂಶ, ನೋಡುತ್ತದೆ. ನೆಲ ಒಣಗಿಸಿಟ್ಟವನಿಗೂ ಕೊಚ್ಚೆಯಲ್ಲಿ ಕಟ್ಟಿದವನಿಗೂ ಅದರ ಲೆಕ್ಕ ಒಂದೇ. ಇದು ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ. ಕೊಟ್ಟಿಗೆ ಚೆನ್ನಾಗಿಟ್ಟವರಿಗೆ ಲೀಟರಿಗೆ ಒಂದು ರೂಪಾಯಿಯಾದರೂ ಜಾಸ್ತಿ ಸಿಗಬೇಕು.

ಫ್ಯಾಟ್ ಬಿದ್ದರೆ ನಾವೆಲ್ಲ ಮೊದಲು ಮಾಡುವುದು ಇನ್ನೊಂದು ಸೇರು ಹಿಂಡಿ, ಬೂಸಾ ಸೇರಿಸುವುದು. ನಾನೂ ಮಾಡಿದ್ದೇನೆ. ಆದರೆ ಹಾಲಿನ ಕೊಬ್ಬಿಗೆ ಮುಖ್ಯವಾಗಿ ಬೇಕಾದದ್ದು ನಾರಿನ ಮೇವು, ನಮ್ಮ ರಾಗಿ ಹುಲ್ಲಿನಂಥದ್ದು. ಹುಲ್ಲು ಕಡಿಮೆಯಾಗಿ ಹಿಂಡಿ, ಬೂಸಾ ಜಾಸ್ತಿಯಾದರೆ ಹಸುವಿನ ಹೊಟ್ಟೆ ಹುಳಿಯಾಗುತ್ತದೆ. ಮೆಲುಕು ಹಾಕುವುದು ಕಡಿಮೆಯಾಗುತ್ತದೆ, ಗೊರಸು ನೋಯುತ್ತದೆ, ಫ್ಯಾಟ್ ಇನ್ನೂ ಇಳಿಯುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ದಯವಿಟ್ಟು ಹಾಕಬೇಡಿ. ಕೆಲವು ಬೂಷ್ಟಿನ ವಿಷ ಹಸುವಿನ ಲಿವರನ್ನು ಕೆಡಿಸಿ, ಹಾಲಿಗೂ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ.

ಇನ್ನು ನೀರು. ಹಾಲಿನಲ್ಲಿ 100ಕ್ಕೆ 87 ಪಾಲು ನೀರೇ. ಮೊದಲು ನಾವು ದಿನಕ್ಕೆ ಎರಡು ಸಲ ಕಲಗಚ್ಚು ಕುಡಿಸಿ ಸುಮ್ಮನಾಗುತ್ತಿದ್ದೆವು. ಚೆನ್ನಾಗಿ ಕರೆಯುವ ಸೀಮೆಹಸು ಬೇಸಿಗೆಯಲ್ಲಿ ದಿನಕ್ಕೆ 80 ಲೀಟರು ದಾಟಿ ಕುಡಿಯುತ್ತದೆ. ಸಾವಿರ ಅಡಿ ಬೋರು ಕೊರೆಸಿದರೂ ನೀರು ಬಾರದ ನಮ್ಮ ಸೀಮೆಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ, ನನಗೆ ಗೊತ್ತು. ಆದರೂ ನಾವು ಒಂದು ತೊಟ್ಟಿ ಕಟ್ಟಿಸಿದೆವು. ಗೌರಿ ಮೊದಲ ದಿನ ಅದರ ಮುಂದಿನಿಂದ ಕದಲಲೇ ಇಲ್ಲ. ಅಷ್ಟು ದಿನ ಎಷ್ಟು ಬಾಯಾರಿದ್ದಳೋ ಅನ್ನಿಸಿ ನಮಗೆ ತುಂಬಾ ನೋವಾಯಿತು.

ಹೆದರಿದ ಹಸು ಸೊರೆ ಬಿಡುವುದಿಲ್ಲ, ಇದು ಹೈನು ಮಾಡುವ ಎಲ್ಲರಿಗೂ ಗೊತ್ತು. ಬೈದು, ಹೊಡೆದು ಕೂತರೆ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಹಾಗಾಗಿ ನಮ್ಮ ಕೊಟ್ಟಿಗೆಯಲ್ಲಿ ಈಗ ದೊಣ್ಣೆ ಇಲ್ಲ.

ಕರೆಯುವ ಮೊದಲು ಒಂದೊಂದು ಮೊಲೆಯಿಂದ ಎರಡು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡುತ್ತೇನೆ. ಬಿಳಿ ಚೂರು ಕಂಡರೆ ಆ ಹಾಲು ಕ್ಯಾನಿಗೆ ಹೋಗುವುದಿಲ್ಲ. ಡಾಕ್ಟರಿಗೆ ಫೋನು ಮಾಡುತ್ತೇನೆ. ಎಷ್ಟು ದಿನ ಹಾಲು ಬೇಡ ಎನ್ನುತ್ತಾರೋ ಅಷ್ಟು ದಿನಕ್ಕೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಅಮ್ಮ ಅದನ್ನು ನೋಡಿಕೊಂಡೇ ಹೆಪ್ಪು ಹಾಕುತ್ತಾರೆ.

ನಮಸ್ಕಾರ.