ಏರಿಸುವುದು ಸುಲಭ, ಇಳಿಸಲು ಕಲಿಯಿರಿ

ಕೇಳುಗರಿಗೆಲ್ಲ ನಮಸ್ಕಾರ.

ಮೈಮರೆತು ಕುಣಿಯುವ ಕೂಟ ನಡೆಸುವುದು ಹೇಗೆ ಅನ್ನುವುದು ಇವತ್ತಿನ ವಿಷಯ. ಎಕ್ಸ್ಟ್ಯಾಟಿಕ್ ಡ್ಯಾನ್ಸ್ ಅನ್ನುವ ಹೆಸರಿನಲ್ಲಿ ಬೆಂಗಳೂರಿನಲ್ಲಿ ಈಗ ಇದು ಆಗಾಗ ನಡೆಯುತ್ತದೆ. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಒಂದು ಹಾಲ್, ಬರಿಗಾಲು, ಸುಮಾರು ಎರಡು ಗಂಟೆ ಸಂಗೀತ. ಹೆಜ್ಜೆ ಹೇಳಿಕೊಡುವವರು ಇಲ್ಲ, ನೋಡುವುದಕ್ಕೆ ಬಂದವರೂ ಇಲ್ಲ. ಕುಡಿತ ಇಲ್ಲ, ಫೋನ್ ಇಲ್ಲ, ಕುಣಿಯುವ ಜಾಗದಲ್ಲಿ ಮಾತೂ ಇಲ್ಲ. ಮೈಗೆ ಹೇಗೆ ತೋಚುತ್ತದೋ ಹಾಗೆ ಕುಣಿಯುವುದು, ಅಷ್ಟೇ.

ನಿಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲೋ, ಯೋಗದ ಗೆಳೆಯರ ಜೊತೆಗೋ, ಮಹಿಳಾ ಸಮಾಜದಲ್ಲೋ ಇಂಥದ್ದೊಂದು ಶುರು ಮಾಡಬೇಕು ಅಂತ ನಿಮಗೆ ಅನ್ನಿಸಿರಬಹುದು. ನಿಮಗೋಸ್ಕರವೇ ಈ ಮಾತು. ಹೇಳುವುದು ಒಂದೇ ವಿಷಯ, ಆದರೆ ಮತ್ತೆ ಮತ್ತೆ ಹೇಳುತ್ತೇನೆ. ಜನರನ್ನು ಕುಣಿತದ ಗುಂಗಿಗೆ ಏರಿಸುವುದು ಸುಲಭ. ಅಲ್ಲಿಂದ ಮೆಲ್ಲಗೆ ಇಳಿಸುವುದೇ ನಿಮ್ಮ ಕೆಲಸ.

ಏರಿಸುವುದಕ್ಕೆ ಏನು ಮಹಾ ಬೇಕು? ಊರದೇವರ ಮೆರವಣಿಗೆಯಲ್ಲಿ ತಮಟೆ ಬಿದ್ದರೆ ಪಕ್ಕದಲ್ಲಿ ಸುಮ್ನೆ ನಿಂತವರ ಕಾಲೂ ಆಡುತ್ತದೆ, ಅಲ್ವಾ? ಒಂದು ಒಳ್ಳೆ ಸ್ಪೀಕರ್, ಏಟು ಗಟ್ಟಿಯಾಗಿರುವ ನಾಲ್ಕು ಟ್ರ್ಯಾಕ್ ಇದ್ದರೆ ಯಾರು ಬೇಕಾದರೂ ಏರಿಸಬಹುದು. ಹೊಸದಾಗಿ ಶುರು ಮಾಡುವವರು ನನ್ನ ಹತ್ತಿರ ಬಂದು ಕೇಳುವುದೂ ಅದನ್ನೇ: "ಪೀಕ್‌ನಲ್ಲಿ ಯಾವ ಮ್ಯೂಸಿಕ್ ಹಾಕುತ್ತೀರಿ?" ಕೊನೆಯ ಅರ್ಧ ಗಂಟೆಗೆ ಏನು ಹಾಕುತ್ತೀರಿ ಅಂತ ಯಾರೂ ಕೇಳುವುದಿಲ್ಲ. ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇಂಥ ಕುಣಿತದ ಪದ್ಧತಿ ಕಟ್ಟಿದವರು ಹೇಗೆ ಕಟ್ಟಿದರು ನೋಡಿ. ಅಮೆರಿಕದ ಗೇಬ್ರಿಯಲ್ ರಾತ್ 1970ರ ದಶಕದಲ್ಲಿ ಫೈವ್ ರಿದಮ್ಸ್ ಅನ್ನುವ ಪದ್ಧತಿ ರೂಪಿಸಿದರು. ಅದರಲ್ಲಿ ಐದು ಹಂತ. ಮೊದಲು ನೀರಿನ ಹಾಗೆ ಹರಿಯುವುದು. ಆಮೇಲೆ ತುಂಡುತುಂಡಾದ ಚುರುಕು ಚಲನೆ. ಮೂರನೆಯದು ಗಲಿಬಿಲಿ, ತಲೆಗೂದಲು ಕೆದರಿ ಕುಣಿಯುವ ಹೊತ್ತು. ನಾಲ್ಕನೆಯದು ಹಗುರಾಗುವುದು. ಐದನೆಯದು ನಿಶ್ಚಲ. ಗಲಿಬಿಲಿ ಮೂರನೆಯದು, ಕೊನೆಯದಲ್ಲ! ಅದಾದ ಮೇಲೆ ಇನ್ನೂ ಎರಡು ಹಂತ ಇಟ್ಟಿದ್ದಾರೆ.

ನಮ್ಮ ದೇಶದ್ದೇ ಬೇಕು ಅಂದರೆ ಪುಣೆಯ ಓಶೋ ಆಶ್ರಮದ ಕುಂಡಲಿನಿ ಧ್ಯಾನ ಇದೆ. ಒಟ್ಟು ಒಂದು ಗಂಟೆ, 15 ನಿಮಿಷದ ನಾಲ್ಕು ಭಾಗ. ಮೊದಲು ಮೈ ಅದುರಿಸುವುದು, ಆಮೇಲೆ ಕುಣಿಯುವುದು. ಮೂರನೇ ಭಾಗದಲ್ಲಿ ಅಲುಗಾಡದೆ ಕೂರುವುದು ಅಥವಾ ನಿಲ್ಲುವುದು, ನಾಲ್ಕನೆಯದರಲ್ಲಿ ಮಲಗುವುದು. ಒಂದು ಗಂಟೆಯಲ್ಲಿ ಅರ್ಧ ಗಂಟೆ ಸುಮ್ನಿರುವುದಕ್ಕೇ ಹೋಯಿತು. ನಾವು ಮಾತ್ರ ಎರಡು ಗಂಟೆ ಕುಣಿಸಿ, "ಥ್ಯಾಂಕ್ಯೂ, ಮುಂದಿನ ಭಾನುವಾರ ಸಿಗೋಣ" ಅಂತ ಟ್ಯೂಬ್‌ಲೈಟ್ ಹಾಕಿಬಿಡುತ್ತೇವೆ.

ಮೈಯ ಲೆಕ್ಕವೂ ಇದೆ. ಕುಣಿಯುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಹೃದಯದ ಕಡೆಗೆ ಒತ್ತಿ ಕಳಿಸುತ್ತಿರುತ್ತವೆ. ಥಟ್ಟನೆ ನಿಂತರೆ ಆ ಒತ್ತುವ ಕೆಲಸ ನಿಂತುಹೋಗುತ್ತದೆ, ರಕ್ತ ಕಾಲಲ್ಲೇ ಉಳಿಯುತ್ತದೆ, ತಲೆ ಸುತ್ತುತ್ತದೆ. ಮನಸ್ಸಿನದ್ದೂ ಹೆಚ್ಚುಕಮ್ಮಿ ಹೀಗೆಯೇ. ಎಷ್ಟೋ ವರ್ಷದಿಂದ ಒಳಗೆ ಅದುಮಿಟ್ಟುಕೊಂಡಿದ್ದು ಕುಣಿಯುವಾಗ ಮೇಲೆ ಬರುತ್ತದೆ. ಕೆಲವರು ಅಳುತ್ತಾರೆ. ಅವರನ್ನು ಅಲ್ಲೇ ಬಿಟ್ಟು ಬೀಗ ಹಾಕಿಕೊಂಡು ಹೋಗುವುದಕ್ಕಾಗುತ್ತದೆಯೇ?

ಒಂದು ಸಂಜೆಯ ವಿಷಯ ಹೇಳಲೇಬೇಕು. ಜಯನಗರದ ಒಂದು ಮನೆಯ ಮಹಡಿ ಮೇಲಿನ ಹಾಲ್. ಮಳೆ ಹನಿಯುತ್ತಿತ್ತು. ಹಾಲ್ ತುಂಬಾ ಜನ, ಸಂಗೀತ ಪೂರ್ತಿ ಮೇಲೇರಿತ್ತು. ಒಬ್ಬ ಹುಡುಗ ಗಿರಗಿರನೆ ಸುತ್ತುತ್ತಿದ್ದಾನೆ, ಕಿಟಕಿ ಪಕ್ಕದಲ್ಲಿ ಇಬ್ಬರು ನೆಗೆಯುತ್ತಿದ್ದಾರೆ. ಅಷ್ಟರಲ್ಲಿ ಕರೆಂಟ್ ಹೋಯಿತು. ದೀಪ ಇಲ್ಲ, ಸ್ಪೀಕರ್ ಇಲ್ಲ, ಫ್ಯಾನ್ ಇಲ್ಲ. ಏದುಸಿರು ಬಿಟ್ಟರೆ ಬೇರೆ ಸದ್ದೇ ಇಲ್ಲ. ಸುತ್ತುತ್ತಿದ್ದ ಹುಡುಗ ತೂರಾಡಿ ಗೋಡೆ ಹಿಡಿದುಕೊಂಡ. ಯಾರೋ ಕಿಸಕ್ಕನೆ ನಕ್ಕರು, ಇನ್ಯಾರೋ ಬಿಕ್ಕಿದರು. ನಾನು ಹುಡುಗನ ಕಡೆ ಓಡಿದೆ.

ಆಗ ಹಾಲ್‌ನ ನಡುವಿನಿಂದ ಚಪ್ಪಾಳೆ ಕೇಳಿಸಿತು. ನಮ್ಮ ಕೂಟಕ್ಕೆ ಒಬ್ಬರು ನಿವೃತ್ತ ಟೀಚರ್ ಬರುತ್ತಿದ್ದರು. ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಕೋಲಾಟ ಕಲಿಸುತ್ತಿದ್ದವರು. ಬೀದಿಯ ಅರೆಬೆಳಕಿನಲ್ಲಿ ಕಂಡೆ: ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈಯವರೆಗೆ ಏರಿಸಿಕೊಂಡು, ಸೆರಗು ಸಿಕ್ಕಿಸಿಕೊಂಡು, ಗಟ್ಟಿಯಾಗಿ ತಾಳ ಹಾಕುತ್ತಿದ್ದಾರೆ. ನಿಂತುಹೋದ ಸಂಗೀತ ಇತ್ತಲ್ಲ, ಸರಿಯಾಗಿ ಅದೇ ವೇಗ! ಅಕ್ಕಪಕ್ಕದವರು ಕೈ ಸೇರಿಸಿದರು. ಅರೆಗಳಿಗೆಯಲ್ಲಿ ಇಡೀ ಹಾಲ್ ಚಪ್ಪಾಳೆ ತಟ್ಟಿಕೊಂಡು ಮತ್ತೆ ಕುಣಿಯತೊಡಗಿತು.

ನಾನು ಬೆರಗಾಗಿದ್ದು ಅದಕ್ಕಲ್ಲ. ಆಮೇಲೆ ಅವರು ಮಾಡಿದ್ದಕ್ಕೆ. ತಾಳವನ್ನು ಯಾರಿಗೂ ಗೊತ್ತಾಗದ ಹಾಗೆ ಒಂದೊಂದು ಕೂದಲೆಳೆಯಷ್ಟು ನಿಧಾನ ಮಾಡುತ್ತಾ ಬಂದರು. ನೆಗೆಯುತ್ತಿದ್ದವರು ನಡೆದರು, ನಡೆಯುತ್ತಿದ್ದವರು ತೂಗಾಡಿದರು. ಚಪ್ಪಾಳೆ ಬಿಟ್ಟು ತೊಡೆ ತಟ್ಟಿದರು. ತೊಡೆ ಬಿಟ್ಟು ಹಿಮ್ಮಡಿಯಲ್ಲಿ ನೆಲಕ್ಕೆ ಮೆಲ್ಲಗೆ ತಾಳ. ಕೊನೆಗೆ ಅದೂ ಇಲ್ಲ. ಎಲ್ಲರೂ ತಾವಾಗಿಯೇ ನೆಲದ ಮೇಲೆ ಕೂತಿದ್ದರು. ಗೋಡೆ ಹಿಡಿದಿದ್ದ ಹುಡುಗ ಕಣ್ಣು ಮುಚ್ಚಿ ಮಲಗಿದ್ದ. ಕರೆಂಟ್ ಬಂದಾಗ ನಾನೇ ಎದ್ದು ಸ್ವಿಚ್ ಆರಿಸಿದೆ.

ಆ ಟೀಚರಮ್ಮ ಫೈವ್ ರಿದಮ್ಸ್ ಓದಿದವರಲ್ಲ, ಡಿಜೆ ಅಲ್ಲ. ಏರಿದವರನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ಕೂಟ ನಡೆಸುವವರಿಗೆ ಬೇಕಾದ ವಿದ್ಯೆ ಅದೊಂದೇ. ಬಾಕಿಯದ್ದೆಲ್ಲ ಬಾಡಿಗೆಗೆ ಸಿಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಸಂಗೀತ ಜೋಡಿಸುವಾಗ ಕೊನೆಯಿಂದ ಶುರು ಮಾಡಿ. ಮೊದಲು ಕಡೆಯ 15 ನಿಮಿಷದ ಮೌನ ಬರೆದಿಡಿ. ಅದರ ಹಿಂದೆ ಇಳಿತದ ಅರ್ಧ ಗಂಟೆ. ನಾನು ನಿಮಿಷಕ್ಕೆ 75 ಏಟಿನಿಂದ ಶುರು ಮಾಡುತ್ತೇನೆ, 125ರವರೆಗೆ ಹೋಗುತ್ತೇನೆ, ಮತ್ತೆ 60ಕ್ಕೆ ಬರುತ್ತೇನೆ. ಇಳಿಯುವಾಗ ಮಾತಿರುವ ಹಾಡು ಬೇಡ. ಕೊಳಲು, ತಂಬೂರಿ ಸಾಕು. ಮೈಕ್ ಹಿಡಿದು "ಈಗ ನಿಧಾನವಾಗಿ" ಅಂತ ದಯವಿಟ್ಟು ಹೇಳಬೇಡಿ. ಸಂಗೀತವೇ ಹೇಳಲಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ. ನೆಲ ಮರದ್ದಾದರೆ ಒಳ್ಳೆಯದು, ರೆಡ್ ಆಕ್ಸೈಡ್ ಆದರೂ ಪರವಾಗಿಲ್ಲ. ನುಣುಪು ಟೈಲ್ಸ್ ಮೇಲೆ ಬೆವರು ಬಿದ್ದರೆ ಜಾರುತ್ತದೆ, ಒರೆಸುವ ಬಟ್ಟೆ ಕೈಗೆಟುಕುವ ಹಾಗಿರಲಿ. ಜನ ಬರುವ ಮುಂಚೆ ಬರಿಗಾಲಲ್ಲಿ ಇಡೀ ಹಾಲ್ ಒಮ್ಮೆ ನಡೆದು ನೋಡಿ, ಮೊಳೆ, ಗಾಜಿನ ಚೂರು ಇದ್ದರೆ ನಿಮ್ಮ ಕಾಲಿಗೇ ಸಿಗಲಿ. ಯಾರಾದರೂ ಜೊತೆಗೆ ಕುಣಿಯಲು ಬಂದು, ನಿಮಗೆ ಬೇಡ ಅನ್ನಿಸಿದರೆ ಕೈಮುಗಿಯಿರಿ. ವಿದೇಶದ ಕೂಟಗಳಲ್ಲೂ ಇದೇ ಸನ್ನೆ ಬಳಕೆಯಲ್ಲಿದೆ. ಕೈಮುಗಿದ ಮೇಲೆ ಎದುರಿನವರು ಸರಿದು ಹೋಗಲೇಬೇಕು. ಇದನ್ನು ಶುರುವಿನಲ್ಲೇ ಎಲ್ಲರಿಗೂ ಹೇಳಿ, ಸಂಕೋಚ ಬೇಡ. ಯಾರಾದರೂ ಅತ್ತರೆ ಓಡಿಹೋಗಿ ತಬ್ಬಿಕೊಳ್ಳಬೇಡಿ, ಹತ್ತಿರ ಹೋಗಿ ಕೂತುಕೊಳ್ಳಿ. ಕೇಳಿದರೆ ನೀರು ಕೊಡಿ.

ಶಬ್ದದ ಕಾನೂನು ಗೊತ್ತಿರಲಿ. 2000ನೇ ಇಸವಿಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್. ತಾರಸಿಯಲ್ಲಿ ರಾತ್ರಿ 9ಕ್ಕೆ ಶುರು ಮಾಡಿದರೆ 10ಕ್ಕೆ ಪೀಕ್‌ನಲ್ಲಿರುತ್ತೀರಿ. ಪಕ್ಕದ ಮನೆಯವರು ಬಂದು ನಿಲ್ಲಿಸುತ್ತಾರೆ, ಇಳಿತ ಪೂರ್ತಿ ಹಾಳು. ಸಂಜೆ 5ಕ್ಕೇ ಶುರು ಮಾಡಿ.

ಹಾಲ್ ಎರಡು ಗಂಟೆ ಅವಧಿಗೆ ಅಂತ ಬುಕ್ ಮಾಡಬೇಡಿ, ಮೂರು ಗಂಟೆ ಅವಧಿಗೆ ಮಾಡಿ. ದುಡ್ಡು ಜಾಸ್ತಿ ಅನ್ನಿಸಿದರೆ ಸ್ಪೀಕರ್ ಚಿಕ್ಕದು ತನ್ನಿ, ಬಣ್ಣದ ಲೈಟು ಬಿಡಿ. ಕೊನೆಯ ಆ ಒಂದು ಗಂಟೆಯಲ್ಲಿ ಚಾಪೆ ಹಾಸಿ, ಬಾಳೆಹಣ್ಣು ಇಡಿ, ಬಿಸಿಬಿಸಿ ಕಷಾಯ ಕೊಡಿ. ಎದ್ದ ತಕ್ಷಣ ಸ್ಕೂಟರ್ ಕೀಲಿ ಹುಡುಕುವವರನ್ನು ಇನ್ನೊಂದು ಹತ್ತು ನಿಮಿಷ ಕೂರಿಸಿಕೊಂಡು ಆಮೇಲೆ ಕಳಿಸಿ.

ನಮಸ್ಕಾರ.